ನಗುವ ತಾಯಿ, ಓದುವ ತಾಯಿ

ಚಿಕ್ಕ ಮಕ್ಕಳನ್ನು ಸಾಕುವ ತಾಯಿ ತನ್ನ ದಿನಚರಿಯನ್ನು ನಗೆಗಣ್ಣಿನಿಂದ ಕಂಡು ಬರೆಯುವ ಹರಟೆಗೆ ಕನ್ನಡದಲ್ಲಿ ಎಂಬತ್ತು ವರ್ಷ ಮೀರಿದ ಇತಿಹಾಸವಿದೆ. ಬಾಯಲ್ಲಿ ಹೇಳುವ ಕತೆಯಾಗಿ, ತೊಟ್ಟಿಲ ಹಾಡಾಗಿ ಅದಕ್ಕೂ ಹಿಂದೆ ಎಷ್ಟು ಕಾಲದಿಂದ ಇತ್ತೋ ಹೇಳಲಾಗದು. ಉಣ್ಣು ಎಂದರೆ ಓಡುವ, ಮಲಗು ಎಂದರೆ ಕತೆ ಕೇಳುವ, ಕತೆ ಮುಗಿಯಿತು ಎಂದರೆ ಮೊದಲಿಂದ ಹೇಳು ಎನ್ನುವ ಮಕ್ಕಳೇ ಇದರ ನಾಯಕರು. ಈ ನಗೆಗೂ ತಾಯಿ ತನ್ನ ಸಂತೋಷಕ್ಕೆಂದು ಓದುವ ಓದಿಗೂ ಹತ್ತಿರದ ನಂಟಿದೆ. ಎರಡೂ ಹುಟ್ಟುವುದು ಮನೆಗೆಲಸದ ನಡುವೆ ಕದ್ದು ಉಳಿಸಿಕೊಂಡ ಅರ್ಧ ಗಂಟೆಯಲ್ಲಿ. ಆ ಅರ್ಧ ಗಂಟೆ ಕನ್ನಡದ ಹೆಂಗಸರಿಗೆ ಹೇಗೆ ಸಿಕ್ಕಿತು, ಅದರಿಂದ ಮಕ್ಕಳಿಗೇನು ಸಿಕ್ಕಿತು ಎಂಬ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಂಜನಗೂಡು ಸೀಮೆಯಲ್ಲೇ ನಡೆಯಿತು.

ಗುಬ್ಬಕ್ಕನ ಬಾಗಿಲು

ಕರ್ನಾಟಕದ ಉದ್ದಗಲಕ್ಕೂ ಮಕ್ಕಳಿಗೆ ಮೊದಲು ಹೇಳುವ ಕತೆಗಳಲ್ಲಿ ಕಾಗಕ್ಕ ಗುಬ್ಬಕ್ಕನದು ಒಂದು. ಜೋರು ಮಳೆಗೆ ಕಾಗಕ್ಕನ ಸಗಣಿ ಮನೆ ಕೊಚ್ಚಿಹೋಗುತ್ತದೆ. ಕಾಗಕ್ಕ ಬಂದು ಗುಬ್ಬಕ್ಕನ ಬಾಗಿಲು ತಟ್ಟುತ್ತದೆ. ಮಗುವಿಗೆ ನೀರು ಹಾಕುತ್ತಿದ್ದೇನೆ, ತಾಳು ಎನ್ನುತ್ತದೆ ಗುಬ್ಬಕ್ಕ. ಮತ್ತೆ ತಟ್ಟಿದರೆ ಮಗುವಿಗೆ ಉಣ್ಣಿಸುತ್ತಿದ್ದೇನೆ, ಇನ್ನೊಮ್ಮೆ ತಟ್ಟಿದರೆ ಮಗುವನ್ನು ಮಲಗಿಸುತ್ತಿದ್ದೇನೆ. ಊರಿಂದೂರಿಗೆ ವಿವರ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಈ ನೆಪಗಳ ಸರಣಿ.

ಕತೆ ಹೇಳುವ ಹೆಂಗಸಿಗೆ ಅದು ಬರೀ ನೆಪವಲ್ಲ, ತನ್ನದೇ ಬೆಳಗಿನಿಂದ ರಾತ್ರಿಯವರೆಗಿನ ಕೆಲಸದ ಪಟ್ಟಿ. ಮಗು ಗುಬ್ಬಕ್ಕನ ಮಾತಿಗೆ ನಗುತ್ತದೆ, ಹೇಳುವವಳು ತನ್ನ ಪಾಡಿಗೆ ನಗುತ್ತಾಳೆ. ಒಂದೇ ಕತೆ ಇಬ್ಬರಿಗೆ ಎರಡು ಬಗೆಯಲ್ಲಿ ಒದಗುತ್ತದೆ. ಕೇಳುವ ಮಗು ಹೂಂಗುಟ್ಟಲೇಬೇಕು ಎಂಬ ಹಳೆಯ ಕಟ್ಟಳೆಯೂ ಇಲ್ಲಿದೆ. ಹೂಂ ಎನ್ನುವ ದನಿ ನಿಂತರೆ ಮಗು ನಿದ್ದೆ ಹೋಗಿದೆ, ಮುಸುರೆ ತಿಕ್ಕಲು ಏಳಬಹುದು ಎಂದು ತಾಯಿಗೆ ತಿಳಿಯುತ್ತಿತ್ತು.

ತೊಟ್ಟಿಲ ಹಾಡುಗಳಲ್ಲೂ ಈ ನೋಟವಿದೆ. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಗ್ರಹದಲ್ಲಿ ಮಗುವಿನ ಅಳು, ಹಠ, ಅಂಬೆಗಾಲಿನ ಓಡಾಟಗಳನ್ನು ಮನೆಯ ಐಶ್ವರ್ಯವೆಂದು ಕಾಣುವ ತಾಯಂದಿರಿದ್ದಾರೆ. ಬೀಸುವಾಗ, ಕುಟ್ಟುವಾಗ ಕಟ್ಟಿದ ಮೂರು ಸಾಲಿನ ಪದಗಳಲ್ಲಿ ದಣಿವಿದೆ, ದಣಿವನ್ನು ಹಗುರ ಮಾಡುವ ಮಾತಿನ ಚಮತ್ಕಾರವೂ ಇದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ ಹೆಂಗಸರ ಬಾಯಿಂದ ಸಂಗ್ರಹಿಸಿದ ಕನ್ನಡ ಕತೆಗಳಲ್ಲಿ ಒಂದು ಹೀಗಿದೆ: ಒಬ್ಬ ಗೃಹಿಣಿಗೆ ಒಂದು ಕತೆ, ಒಂದು ಹಾಡು ಗೊತ್ತಿದ್ದವು. ಆಕೆ ಯಾರಿಗೂ ಹೇಳಲಿಲ್ಲ. ಉಸಿರುಗಟ್ಟಿದ ಆ ಕತೆ ಮತ್ತು ಹಾಡು ಹೊರಗೆ ಬಂದು ಒಂದು ಜೋಡಿನ, ಇನ್ನೊಂದು ಅಂಗಿಯ ರೂಪ ತಾಳಿ ಅವಳ ಸಂಸಾರದಲ್ಲಿ ಜಗಳ ತಂದಿಟ್ಟವು. ಮನೆಯೊಳಗಿನ ಹೆಂಗಸು ತನ್ನಲ್ಲಿರುವುದನ್ನು ಹೇಳಿಕೊಳ್ಳಲೇಬೇಕು ಎಂಬ ತಿಳಿವಳಿಕೆ ಜನಪದರಿಗೆ ಇತ್ತು.

ಕಳಲೆಯ ಗದ್ಯ, ನಂಜನಗೂಡಿನ ಅಚ್ಚು

ನಂಜನಗೂಡಿಗೆ ಹತ್ತಿರದ ಕಳಲೆ ಮೈಸೂರು ಅರಸರಿಗೆ ದಳವಾಯಿಗಳನ್ನು ಕೊಟ್ಟ ಮನೆತನದ ಊರು. 18ನೇ ಶತಮಾನದಲ್ಲಿ ರಾಜ್ಯದ ಆಡಳಿತವನ್ನೇ ಕೈಯಲ್ಲಿ ಹಿಡಿದಿದ್ದ ದಳವಾಯಿ ಮನೆತನದ ಕಳಲೆ ನಂಜರಾಜ ‘ಕಕುದ್ಗಿರಿ ಮಾಹಾತ್ಮ್ಯ’, ‘ಹಾಲಾಸ್ಯ ಮಾಹಾತ್ಮ್ಯ’ ಮೊದಲಾದ ಶೈವ ಪುರಾಣ ಕಥೆಗಳನ್ನು ಕನ್ನಡ ಗದ್ಯಕ್ಕೆ ತಂದವನು. ಷಟ್ಪದಿಯ ಕಾವ್ಯಕ್ಕೆ ವಾಚಿಸುವವರೊಬ್ಬರು, ಅರ್ಥ ಹೇಳುವವರೊಬ್ಬರು ಬೇಕು. ಗದ್ಯವಾದರೆ ಅಕ್ಷರ ಬಲ್ಲವರು ತಾವೇ ಓದಿಕೊಳ್ಳಬಹುದು. ಕತೆಯನ್ನು ಒಬ್ಬರೇ ಕೂತು ಓದುವ ಸುಖಕ್ಕೆ ಈ ಬಗೆಯ ಬರಹ ದಾರಿಯಾಯಿತು.

ಹೆಂಗಸರ ಬರಹವೂ ಈ ಸೀಮೆಗೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದ ಯಳಂದೂರಿನ ಸಂಚಿ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು, ಹೆಣ್ಣೆಂದು ಹೀಗಳೆಯುವವರನ್ನು ಅದರಲ್ಲಿ ಪ್ರಶ್ನಿಸಿದಳು. ದೊಡ್ಡ ಕೃಷ್ಣರಾಜ ಒಡೆಯರ ರಾಣಿ ಚೆಲುವಾಂಬೆ ‘ವರನಂದಿ ಕಲ್ಯಾಣ’ದ ಜೊತೆಗೆ ಲಾಲಿಪದಗಳನ್ನೂ ರಚಿಸಿದಳು. ಆದರೆ ಸಾಮಾನ್ಯ ಮನೆಯ ಹೆಣ್ಣಿನ ಕೈಗೆ ಪುಸ್ತಕ ಬರಲು ಶಾಲೆ ಬೇಕಾಯಿತು, ಅಚ್ಚಿನ ಮೊಳೆ ಬೇಕಾಯಿತು. 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ತೆರೆಯಿತು. ಅದೇ ಕಾಲಕ್ಕೆ ಬಿ. ವೆಂಕಟಾಚಾರ್ಯರು ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತರತೊಡಗಿದರು. ಉತ್ತರ ಕರ್ನಾಟಕದಲ್ಲಿ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ತಲುಪಿಸಿದರು.

ಈ ಹೊತ್ತಿನಲ್ಲಿ ನಂಜನಗೂಡಿನ ಒಂದು ಮನೆಯಿಂದ ಹೊರಟ ಕೆಲಸ ಇಡೀ ನಾಡಿಗೆ ಮೇಲ್ಪಂಕ್ತಿಯಾಯಿತು. ನಂಜನಗೂಡು ತಿರುಮಲಾಂಬ 1887ರಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ಮದುವೆಯಾಗಿ, ಹದಿನಾಲ್ಕರ ಸುಮಾರಿಗೆ ವಿಧವೆಯಾದರು. ತಂದೆಯ ಒತ್ತಾಸೆಯಿಂದ ಮನೆಯಲ್ಲೇ ಓದು ಮುಂದುವರಿಸಿದರು, ಅಕ್ಕಪಕ್ಕದ ಹೆಣ್ಣುಮಕ್ಕಳಿಗೆ ಕಲಿಸಿದರು. 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ ತಮ್ಮ ಕಾದಂಬರಿ ‘ಸುಶೀಲೆ’ಯನ್ನು ಪ್ರಕಟಿಸಿದರು. 1917ರಲ್ಲಿ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆ ಹೊರಡಿಸಿದರು. ಲೇಖಕಿ, ಪ್ರಕಾಶಕಿ, ಸಂಪಾದಕಿ ಮೂರೂ ಒಬ್ಬರೇ. ಅವರ ಬರಹದಲ್ಲಿ ಉಪದೇಶ ಹೆಚ್ಚಿತ್ತು, ನಗೆ ಕಡಿಮೆ. ಆದರೆ ಗೃಹಿಣಿಯೂ ಕಾದಂಬರಿ ಓದಬಹುದು, ಅದಕ್ಕೆ ಕಾಸು ಕೊಟ್ಟು ಚಂದಾದಾರಳಾಗಬಹುದು ಎಂಬುದನ್ನು ಅವರು ಮಾಡಿ ತೋರಿಸಿದರು.

ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ ಇದೇ ಹಾದಿ ಹಿಡಿದರು. ಅವರೂ ಬಾಲವಿಧವೆ. 1921ರಲ್ಲಿ ‘ಸರಸ್ವತಿ’ ಪತ್ರಿಕೆ ಆರಂಭಿಸಿ ನಾಲ್ಕು ದಶಕ ನಡೆಸಿದರು, 1938ರಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಸ್ವಂತ ಸಂಸಾರದ ಸುಖವನ್ನು ಸಮಾಜ ನಿರಾಕರಿಸಿದ ಇಬ್ಬರು ಹೆಂಗಸರು ನಾಡಿನ ತಾಯಂದಿರಿಗೂ ಮಕ್ಕಳಿಗೂ ಓದುವ ಸುಖವನ್ನು ಒದಗಿಸಿಕೊಟ್ಟರು. ಕನ್ನಡದ ಓದುಗರು ಈ ಋಣವನ್ನು ಮರೆಯಬಾರದು.

ಕೊರವಂಜಿಯಲ್ಲಿ ಗೃಹಿಣಿಯ ನಗೆ

ಗೃಹಿಣಿ ತನ್ನ ಮನೆಯನ್ನೇ ನೋಡಿ ನಗುವ ಬರಹಕ್ಕೆ ಜಾಗ ಸಿಕ್ಕಿದ್ದು ‘ಕೊರವಂಜಿ’ಯಲ್ಲಿ. ‘ರಾಶಿ’ ಎಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ ಈ ಹಾಸ್ಯ ಮಾಸಪತ್ರಿಕೆ 1967ರವರೆಗೆ ನಡೆಯಿತು. ಅಲ್ಲಿಯವರೆಗೆ ಹಾಸ್ಯದಲ್ಲಿ ಹೆಂಡತಿ ಎಂದರೆ ಗಂಡಸರು ಬರೆಯುವ ಪಾತ್ರ: ಸೀರೆ ಕೇಳುವವಳು, ತವರಿಗೆ ಹೊರಡುತ್ತೇನೆ ಎನ್ನುವವಳು. ಕೊರವಂಜಿಯಲ್ಲಿ ಬರೆಯತೊಡಗಿದ ಟಿ. ಸುನಂದಮ್ಮ ಪೆನ್ನನ್ನು ಆ ಹೆಂಡತಿಯ ಕೈಗೆ ಕೊಟ್ಟರು.

1917ರಲ್ಲಿ ಹುಟ್ಟಿ 2006ರವರೆಗೆ ಬಾಳಿದ ಸುನಂದಮ್ಮನವರನ್ನು ಕನ್ನಡದ ಮೊದಲ ಹಾಸ್ಯ ಲೇಖಕಿ ಎಂದು ಗುರುತಿಸಲಾಗುತ್ತದೆ. ‘ಬಣ್ಣದ ಚಿಟ್ಟೆ’, ‘ಪೆಪ್ಪರಮೆಂಟು’, ‘ಜಂಬದ ಚೀಲ’ ಅವರ ಸಂಕಲನಗಳು. ಹೆಸರುಗಳಲ್ಲೇ ಮನೆ, ಮಕ್ಕಳು, ಬೀದಿ ಕಾಣುತ್ತವೆ. ಗಂಡನ ಹವ್ಯಾಸ, ನೆರೆಮನೆಯ ಮಾತು, ಹೇಳದೆ ಬರುವ ನೆಂಟರು, ಅಡುಗೆಮನೆಯ ಅವಾಂತರ ಅವರ ಸಾಮಗ್ರಿ. ಯಾರನ್ನೂ ನೋಯಿಸದ, ಯಾರ ಬಡತನವನ್ನೂ ಆಡಿಕೊಳ್ಳದ ನಗೆ ಅವರದು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷೆಯಾದವರೂ ಅವರೇ. ನುಗ್ಗೇಹಳ್ಳಿ ಪಂಕಜ, ಮುಂದೆ ಕರಾವಳಿಯಿಂದ ಭುವನೇಶ್ವರಿ ಹೆಗಡೆ ಈ ದಾರಿಯನ್ನು ಅಗಲ ಮಾಡಿದರು.

ಇದೇ ಕಾಲದಲ್ಲಿ ಬೇರೆ ನಾಡುಗಳ ತಾಯಂದಿರೂ ಇಂಥದ್ದನ್ನೇ ಬರೆಯುತ್ತಿದ್ದರು. ಇಂಗ್ಲೆಂಡಿನ ಇ.ಎಂ. ಡೆಲಫೀಲ್ಡ್ 1930ರಲ್ಲಿ ಹಳ್ಳಿಗಾಡಿನ ಗೃಹಿಣಿಯೊಬ್ಬಳ ದಿನಚರಿಯ ರೂಪದಲ್ಲಿ ನಗೆಪುಸ್ತಕ ತಂದರು. ಭಯಾನಕ ಕತೆಗಳಿಗೆ ಹೆಸರಾದ ಅಮೆರಿಕದ ಶರ್ಲಿ ಜಾಕ್ಸನ್ ತಮ್ಮ ಮಕ್ಕಳ ಗಲಾಟೆಯನ್ನೇ ವಸ್ತುವಾಗಿಸಿ 1953ರಲ್ಲಿ ‘ಲೈಫ್ ಅಮಂಗ್ ದಿ ಸ್ಯಾವೇಜಸ್’ ಬರೆದರು. ಎರ್ಮಾ ಬಾಂಬೆಕ್ 1965ರಿಂದ 1996ರಲ್ಲಿ ಸಾಯುವವರೆಗೂ ಪತ್ರಿಕೆಗಳಲ್ಲಿ ಮನೆವಾರ್ತೆಯ ಅಂಕಣ ಬರೆದರು. ಸುನಂದಮ್ಮನವರ ಮನೆಯಲ್ಲಿ ನೆಂಟರಿಷ್ಟರ ಗದ್ದಲವಿದ್ದರೆ, ಅಮೆರಿಕದ ತಾಯಿ ಮಕ್ಕಳ ಜೊತೆ ಮನೆಯಲ್ಲಿ ಒಂಟಿ. ಕೂಡುಕುಟುಂಬದ ನಗೆಗೆ ಕೇಳುಗರು ಮನೆಯೊಳಗೇ ಇದ್ದರು, ಒಂಟಿ ತಾಯಿ ತನ್ನ ಕೇಳುಗರನ್ನು ಪತ್ರಿಕೆಯ ಓದುಗರಲ್ಲಿ ಹುಡುಕಿಕೊಂಡಳು.

ಈ ನಗೆ ಹುಟ್ಟುವುದು ಎಲ್ಲಿ? ಮಗುವಿನ ತರ್ಕ ದೊಡ್ಡವರ ತರ್ಕಕ್ಕಿಂತ ಬೇರೆ. ಆದರೆ ಅದರ ಪಾಡಿಗೆ ಅದು ಸರಿಯಾಗಿಯೇ ಇರುತ್ತದೆ. ಚಂದ್ರ ನಮ್ಮ ಹಿಂದೆಯೇ ಬರುತ್ತಾನೆ ಎನ್ನುವ ಮಗು ಕಂಡದ್ದನ್ನೇ ಹೇಳುತ್ತದೆ. ಇನ್ನೊಂದು ಮೂಲ, ಬುದ್ಧಿವಾದಕ್ಕೂ ಬದುಕಿಗೂ ಇರುವ ಅಂತರ. ಮಗುವನ್ನು ಹೀಗೆ ಬೆಳೆಸಿ ಎಂದು ಪುಸ್ತಕ, ಅತ್ತೆ, ನೆರೆಹೊರೆ ಎಲ್ಲರೂ ಹೇಳುತ್ತಾರೆ, ಮಗು ಮಾತ್ರ ಆ ಮಾತುಗಳನ್ನು ಕೇಳಿಸಿಕೊಂಡಿರುವುದಿಲ್ಲ. ಆ ಅಂತರವನ್ನು ಕಂಡು ನಕ್ಕ ತಾಯಿಗೆ ಅಪರಾಧಿ ಭಾವ ಇಳಿಯುತ್ತದೆ, ಓದಿದ ಇನ್ನೊಬ್ಬ ತಾಯಿಗೆ ತನ್ನ ಮನೆಯೊಂದೇ ಹೀಗಲ್ಲ ಎಂಬ ಸಮಾಧಾನ ಸಿಗುತ್ತದೆ.

ಬಡತನದಲ್ಲೂ ಈ ನಗೆ ಬತ್ತುವುದಿಲ್ಲ. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಮಂದಿಯೆಲ್ಲ ರಾತ್ರಿ ಸುತ್ತ ಕೂತು ಕಡ್ಲೆಕಾಯಿ ತಿನ್ನುವ ಭಾಗವಿದೆ. ಹಸಿವು ತುಂಬಿದ ಮನೆಯಲ್ಲಿ ಮಕ್ಕಳ ಮಾತು, ಮುದುಕಿಯ ಬೈಗುಳ, ಎಲ್ಲರ ನಗು ಒಂದಾಗಿ ಬೆರೆಯುತ್ತವೆ. ಈ ಸೀಮೆಯ ಅವ್ವಂದಿರ ಮಾತಿನ ಸೊಗಸು ಅಲ್ಲಿ ಇದ್ದಂತೆಯೇ ಅಕ್ಷರಕ್ಕೆ ಇಳಿದಿದೆ.

ನಗೆಗೂ ಒಂದು ಮಿತಿಯುಂಟು. ಹೆರಿಗೆಯ ನಂತರ ಕೆಲವು ತಾಯಂದಿರಿಗೆ ಬರುವ ಖಿನ್ನತೆ, ಮನೋವಿಕಲತೆ ನಕ್ಕು ಕಳೆಯುವ ಸಂಗತಿಗಳಲ್ಲ. ಅವಕ್ಕೆ ವೈದ್ಯರ ನೆರವು ಬೇಕು. ಮೈಸೂರಿನ ತ್ರಿವೇಣಿ ‘ಶರಪಂಜರ’ ಕಾದಂಬರಿಯಲ್ಲಿ ಇದನ್ನು ಧೈರ್ಯವಾಗಿ ಬರೆದರು. 1971ರ ಸಿನಿಮಾ ಅದನ್ನು ಮನೆಮನೆಗೆ ಮುಟ್ಟಿಸಿತು. ತ್ರಿವೇಣಿಯವರೇ 1963ರಲ್ಲಿ ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮಗುವನ್ನು ನಾಲ್ಕು ಜನರೆದುರು ಅವಮಾನಿಸುವ ನಗೆಯೂ ಸಲ್ಲದು. ಮಗುವಿನ ಜೊತೆ ನಗುವುದು ಬೇರೆ, ಮಗುವನ್ನು ಕಂಡು ಆಡಿಕೊಳ್ಳುವುದು ಬೇರೆ.

ಕದ್ದು ಓದಿದ ಕಾಲ

ಕಾದಂಬರಿ ಓದುವ ಹೆಂಗಸು ಮನೆ ಹಾಳುಮಾಡುತ್ತಾಳೆ ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಹಾಲು ಉಕ್ಕಿದರೆ, ಸಾರು ತಳಹಿಡಿದರೆ ತಪ್ಪು ಪುಸ್ತಕದ ಮೇಲೆ. ಆದರೂ ಓದು ನಿಲ್ಲಲಿಲ್ಲ. ‘ಕಸ್ತೂರಿ’ 1956ರಲ್ಲಿ, ‘ಸುಧಾ’ 1965ರಲ್ಲಿ, ‘ಮಯೂರ’ 1968ರಲ್ಲಿ, ‘ತರಂಗ’ 1983ರಲ್ಲಿ ಬಂದವು. ವಾರಪತ್ರಿಕೆಯ ಧಾರಾವಾಹಿ ಚಿಕ್ಕ ಮಕ್ಕಳ ತಾಯಿಗೆ ಹೇಳಿ ಮಾಡಿಸಿದಂತಿತ್ತು. ಕಂತು ಚಿಕ್ಕದು, ಮಗು ಮಲಗಿದಷ್ಟು ಹೊತ್ತಿಗೆ ಮುಗಿಯುತ್ತದೆ, ಮುಂದಿನದಕ್ಕೆ ಒಂದು ವಾರ ಕಾಯುವ ಸುಖವೂ ಉಂಟು. ಮೈಸೂರು, ಬೆಂಗಳೂರುಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ದಿನಬಾಡಿಗೆಗೆ ಕಾದಂಬರಿ ಸಿಗುತ್ತಿತ್ತು. ತ್ರಿವೇಣಿ, ವಾಣಿ, ಎಂ.ಕೆ. ಇಂದಿರಾ ಇವರನ್ನು ಕರ್ನಾಟಕ ಓದಿದ್ದು ಹೆಚ್ಚಾಗಿ ಹೀಗೆಯೇ.

ಅವರಲ್ಲಿ ಎಂ.ಕೆ. ಇಂದಿರಾ ಅವರ ಬಾಳು ಈ ವಿಷಯಕ್ಕೆ ನೇರವಾಗಿ ಸಲ್ಲುತ್ತದೆ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅವರ ಶಾಲಾ ಓದು ಬೇಗ ನಿಂತಿತು, ಚಿಕ್ಕಂದಿನಲ್ಲೇ ಮದುವೆಯಾಯಿತು. ಸಂಸಾರ ನಡೆಸುತ್ತಲೇ ಓದಿ, ನಲವತ್ತರ ನಡುವಯಸ್ಸಿನಲ್ಲಿ ಮೊದಲ ಕಾದಂಬರಿ ‘ತುಂಗಭದ್ರಾ’ ಪ್ರಕಟಿಸಿದರು. ಮುಂದೆ ‘ಫಣಿಯಮ್ಮ’ದಂಥ ಕೃತಿ ಅವರಿಂದ ಬಂತು. ಸಂತೋಷಕ್ಕೆಂದು ಓದಿದ ಓದು ಎಂದೂ ವ್ಯರ್ಥವಲ್ಲ.

ದಿನಕ್ಕೊಂದು ಕಥೆ

ಓದುವ ತಾಯಿ ಮಕ್ಕಳಿಗಾಗಿ ಬರೆದರೆ ಏನಾಗುತ್ತದೆ ಎಂಬುದಕ್ಕೆ ಡಾ. ಅನುಪಮಾ ನಿರಂಜನ ಸಾಕ್ಷಿ. ವೈದ್ಯೆ, ಕಾದಂಬರಿಕಾರ್ತಿ, ಇಬ್ಬರು ಹೆಣ್ಣುಮಕ್ಕಳ ತಾಯಿಯಾದ ಅವರು ತಿಂಗಳಿಗೊಂದರಂತೆ ಹನ್ನೆರಡು ಸಂಪುಟಗಳಲ್ಲಿ ‘ದಿನಕ್ಕೊಂದು ಕಥೆ’ ಕೊಟ್ಟರು. ವರ್ಷದ ಪ್ರತಿ ದಿನಕ್ಕೂ ಒಂದು ಕತೆ. ಇವತ್ತು ಯಾವ ಕತೆ ಹೇಳಲಿ ಎಂದು ದಣಿದ ತಾಯಿ ತಲೆಕೆಡಿಸಿಕೊಳ್ಳಬೇಕಿಲ್ಲ, ತಾರೀಖು ನೋಡಿ ಪುಟ ತೆರೆದರಾಯಿತು. ಗರ್ಭಿಣಿ, ಬಾಣಂತಿ, ಶಿಶುಪಾಲನೆಗಳ ಬಗ್ಗೆ ‘ತಾಯಿ ಮಗು’ ಬರೆದವರೂ ಅವರೇ. ಅದೇ ಮನೆಯಿಂದ ಪತಿ ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನ ಗಂಗೋತ್ರಿ’ ಕಿರಿಯರ ವಿಶ್ವಕೋಶ ಏಳು ಸಂಪುಟಗಳಲ್ಲಿ ಬಂತು. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು, 1949ರಿಂದ ಕನ್ನಡದಲ್ಲೂ ಬಂದ ‘ಚಂದಮಾಮ’ ಮಕ್ಕಳನ್ನು ಆಗಲೇ ಓದಿನ ರುಚಿಗೆ ಹತ್ತಿಸಿದ್ದವು.

ಮಗುವಿಗೆ ಓದಿ ಹೇಳುವುದರ ಫಲವನ್ನು ವಿಜ್ಞಾನವೂ ಗಮನಿಸಿದೆ. 1986ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ನಡೆಸಿದ ಪ್ರಯೋಗದಲ್ಲಿ ಗರ್ಭಿಣಿಯರು ಕೊನೆಯ ಆರು ವಾರ ಒಂದು ಮಕ್ಕಳ ಕತೆಯನ್ನು ದಿನವೂ ಗಟ್ಟಿಯಾಗಿ ಓದಿದರು. ಹುಟ್ಟಿದ ಶಿಶುಗಳಿಗೆ ಕೇಳದ ಕತೆಗಿಂತ ಆ ಕತೆಯೇ ಇಷ್ಟವಾಯಿತು. ಅವು ಚೀಪುವ ಲಯದ ಬದಲಾವಣೆಯಿಂದ ಸಂಶೋಧಕರು ಇದನ್ನು ಕಂಡುಕೊಂಡರು. ಹುಟ್ಟಿದಂದಿನಿಂದಲೇ ಮಗುವಿಗೆ ಓದಿ ಹೇಳಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಸಲಹೆ ನೀಡಿತು.

ಒಂದೇ ಕತೆಯನ್ನು ನೂರು ಸಲ ಕೇಳುವ ಹಠಕ್ಕೂ ಅರ್ಥವಿದೆ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಜೆಸ್ಸಿಕಾ ಹಾರ್ಸ್ಟ್ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ವರ್ಷದ ಮಕ್ಕಳ ಒಂದು ಗುಂಪಿಗೆ ಒಂದೇ ಕತೆಯನ್ನು ಮರಳಿ ಮರಳಿ ಓದಿದರು, ಇನ್ನೊಂದು ಗುಂಪಿಗೆ ಬೇರೆಬೇರೆ ಕತೆಗಳನ್ನು ಓದಿದರು. ಹೊಸ ಪದಗಳು ಕಿವಿಗೆ ಬಿದ್ದ ಸಲ ಎರಡೂ ಗುಂಪಿಗೆ ಸಮ. ಒಂದೇ ಕತೆ ಕೇಳಿದ ಮಕ್ಕಳು ಆ ಪದಗಳನ್ನು ಚೆನ್ನಾಗಿ ನೆನಪಿಟ್ಟುಕೊಂಡರು. ಪುಟ ಹಾರಿಸಿ ಬೇಗ ಮುಗಿಸಲು ನೋಡುವ ತಾಯಿಯನ್ನು ಮಗು ತಡೆದು ಬಿಟ್ಟ ಸಾಲನ್ನು ತಾನೇ ಹೇಳಿಕೊಡುವುದು ಪ್ರತಿ ಮನೆಯಲ್ಲೂ ನಡೆಯುವ ತಮಾಷೆ. ಕತೆಯನ್ನು ಮಗು ಸಂಪೂರ್ಣ ತನ್ನದಾಗಿಸಿಕೊಂಡಿದೆ ಎಂಬುದಕ್ಕೆ ಅದೇ ಗುರುತು.

ಕಲಿಕೆಯಲ್ಲಿ ನಲಿವಿರಬೇಕು ಎಂಬ ವಿಚಾರವನ್ನು ಮೈಸೂರು ಜಿಲ್ಲೆ ಶಾಲೆಯಲ್ಲಿ ಮಾಡಿ ತೋರಿಸಿದೆ. ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರ ಕೈಯಲ್ಲಿ ಆರಂಭವಾಯಿತು. ಶಾಲೆಯಲ್ಲಿ ಒಪ್ಪಿಕೊಂಡ ಈ ಮಾತು ಮನೆಗೂ ಅನ್ವಯಿಸಬೇಕು. ಅಂಕಕ್ಕಾಗಿ ಓದು ಎಂದು ಗದರುವ ಮನೆಯಲ್ಲಿ ಪುಸ್ತಕ ಶಿಕ್ಷೆಯಾಗುತ್ತದೆ. ತಾಯಿ ತಾನೇ ಪುಸ್ತಕ ಹಿಡಿದು ನಗುವುದನ್ನು ಕಂಡ ಮಗುವಿಗೆ ಅದರೊಳಗೇನಿದೆ ಎಂಬ ಕುತೂಹಲ ಹುಟ್ಟುತ್ತದೆ.

ಊರಿನ ಗ್ರಂಥಾಲಯ, ಮನೆಯ ಅರ್ಧ ಗಂಟೆ

ಪುಸ್ತಕ ದುಬಾರಿ ಎನ್ನುವ ಮನೆಗಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯವಿದೆ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಜಾರಿಯಲ್ಲಿದೆ. ಇಂದು ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಅಡಿಯಲ್ಲಿ, ಅರಿವು ಕೇಂದ್ರ ಎಂಬ ಹೆಸರಿನಲ್ಲಿ ನಡೆಯುತ್ತಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಮಗುವಿನ ಹೆಸರು ಬರೆಸಲು ಹೋದ ತಾಯಿ ತನ್ನ ಹೆಸರನ್ನೂ ಬರೆಸಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕತೆಗಳು ಉಚಿತವಾಗಿ ಸಿಗುತ್ತವೆ. ಅವನ್ನು ಫೋನಿನಲ್ಲೇ ಮಗುವಿನ ಜೊತೆ ಕೂತು ಓದಬಹುದು.

ಓದು ಬಾರದ ಅವ್ವನೂ ಈ ಕೆಲಸಕ್ಕೆ ಕಡಿಮೆಯಲ್ಲ. ಚಿತ್ರ ತೋರಿಸಿ ಇದೇನು, ಆಮೇಲೇನಾಯಿತು ಎಂದು ಕೇಳಿದರೆ ಸಾಕು, ಮಗು ತಾನೇ ಕತೆ ಕಟ್ಟುತ್ತದೆ. ಮಗು ಪುಸ್ತಕ ಹರಿದರೆ, ತಲೆಕೆಳಗಾಗಿ ಹಿಡಿದರೆ ಗದರಬೇಕಿಲ್ಲ, ಓದಿನ ಮೊದಲ ಪಾಠವೇ ಅದು.

ಇಷ್ಟೆಲ್ಲ ನಡೆಯಲು ತಾಯಿಗೆ ಹೊತ್ತು ಬೇಕು. ಹೊಲದ ಕೂಲಿ, ಕಾರ್ಖಾನೆಯ ಪಾಳಿ, ಕಚೇರಿ ಮುಗಿಸಿ ಬಂದು ಒಲೆ ಹಚ್ಚುವ ಹೆಂಗಸಿಗೆ ಓದಿ, ನಗಿ ಎಂದು ಉಪದೇಶ ಮಾಡಿ ಫಲವಿಲ್ಲ. ಮನೆಯ ಗಂಡಸರು ಮಗುವಿಗೆ ಉಣ್ಣಿಸಬೇಕು, ಮಲಗಿಸಬೇಕು, ರಾತ್ರಿಯ ಕತೆಯ ಸರದಿಯನ್ನು ತಾವೂ ಹೊರಬೇಕು. ಅಪ್ಪ ಹೇಳಿದ ಕತೆಗೂ ಮಗು ಹೂಂಗುಟ್ಟುತ್ತದೆ. ದಿನಕ್ಕೆ ಅರ್ಧ ಗಂಟೆ ಯಾರೂ ಕರೆಯದೆ ತನ್ನಿಷ್ಟದ ಪುಸ್ತಕ ಹಿಡಿದು ಕೂರುವ ಹಕ್ಕು ಪ್ರತಿ ತಾಯಿಗೂ ಇದೆ. ಅದನ್ನು ಕೊಟ್ಟ ಮನೆಯಲ್ಲಿ ಓದುವ ಮಕ್ಕಳು ಬೆಳೆಯುತ್ತಾರೆ. ಆ ಅರ್ಧ ಗಂಟೆಯನ್ನು ಇವತ್ತಿನಿಂದಲೇ ಮನೆಮಂದಿಯೆಲ್ಲ ಸೇರಿ ಅವಳಿಗೆ ಬಿಟ್ಟುಕೊಡಬೇಕು.